ಸ್ವಪ್ನದಲ್ಲಿ ಆಕಾಶಗಮನ

ಕನಸಿನಲ್ಲಿ ಹಾರುವದು ಯಾರಿಗೂ ಹೊಸದಲ್ಲ. ಮನೆಯ ಎಳೆಯ ಮಕ್ಕಳನ್ನು ಬೆಳಗಿನಲ್ಲಿ ಕೇಳಿ ನೋಡಿರಿ; ಅಂಗಳದಿಂದ ಜಿಗಿದೆನು, ನೆಲಕ್ಕೆ ಬೀಳಲೇ ಇಲ್ಲ ಎಂದು ಕಣ್ಣರಳಿಸಿ ಹೇಳುವ ಮಗುವೊಂದು ಸಿಕ್ಕೇ ಸಿಗುವದು. ಆದರೆ ಕನಸು ನಡೆದಿರುವಾಗಲೇ ಇದು ಕನಸೆಂದು ಅರಿತು, ಆ ಅರಿವನ್ನು ಕೈಬಿಡದೆ, ಬೇಕೆಂದಾಗ ಬೇಕಾದತ್ತ ಹಾರುವದನ್ನು ಒಂದು ವಿದ್ಯೆಯಂತೆ ಅಭ್ಯಾಸ ಮಾಡಿ ಕಲಿಯಬಹುದೆಂದು ಯಾರಾದರೂ ಹೇಳಿದ್ದರೆ, ಎರಡು ವರುಷಗಳ ಹಿಂದೆ ನಾನು ನಕ್ಕುಬಿಡುತ್ತಿದ್ದೆನು. ನಿಜ ಹೇಳಬೇಕೆಂದರೆ ನಕ್ಕೂ ಇದ್ದೆನು. ಆ ನಗೆಯ ತಪ್ಪನ್ನು ಒಪ್ಪಿಕೊಳ್ಳುವದಕ್ಕೂ, ಅದರ ಬೆನ್ನಿಗೆ ಹುಟ್ಟಿದ ಒಂದು ಧರ್ಮಸಂದೇಹವನ್ನು ವಾಚಕ ಮಹಾಶಯರ ಮುಂದೆ ಇಡುವದಕ್ಕೂ ಈ ಲೇಖನವನ್ನು ಬರೆಯಲು ತೊಡಗಿರುವೆನು.

ಸಂದರ್ಭವು ಹೀಗಾಯಿತು. ನಮ್ಮೂರಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗನೊಬ್ಬನು, ಈಗ ಇಪ್ಪತ್ತಾರರ ತರುಣನು, ಕೆಲವು ವರುಷಗಳ ಹಿಂದೆ ಹುಣಿಸೆಯ ಮರದಿಂದ ಬಿದ್ದು ಸೊಂಟದ ಕೆಳಗಿನ ಬಲವನ್ನು ಕಳೆದುಕೊಂಡನು. ಅಂದಿನಿಂದ ಅವನ ಲೋಕವೆಂದರೆ ಒಂದು ಮಂಚ, ಒಂದು ಕಿಟಕಿ, ಒಂದು ಮೊಬೈಲು. ಅವನ ತಾಯಿಯು ಒಂದು ದಿನ ನನ್ನಲ್ಲಿಗೆ ಬಂದು, ಮಗನು ಹಗಲೂ ಇರುಳೂ ಮಲಗಿಯೇ ಇರುವನು, ವೈದ್ಯರು ಹೇಳಿದ ಕೈತೋಳುಗಳ ವ್ಯಾಯಾಮವನ್ನು ಬಿಟ್ಟಿರುವನು, ಎಬ್ಬಿಸಿದರೆ ಸಿಟ್ಟಾಗುವನು, ನೀವಾದರೂ ನಾಲ್ಕು ಬುದ್ಧಿಮಾತು ಹೇಳಬೇಕೆಂದು ಕಣ್ಣೀರಿಟ್ಟಳು. ನಾನು ಹೋದೆನು. ಮಾಸ್ತರಿಕೆಯಿಂದ ನಿವೃತ್ತನಾದವನಿಗೆ ಬುದ್ಧಿ ಹೇಳುವ ಅವಕಾಶವು ಸಿಕ್ಕರೆ ಬಿಡುವದು ಕಷ್ಟ. ಹುಡುಗನು ನನ್ನ ಮಾತನ್ನೆಲ್ಲ ಕೇಳಿ, ತಾನು ಸುಮ್ಮನೆ ಮಲಗುವದಿಲ್ಲವೆಂದೂ, ಕನಸಿನಲ್ಲಿ ಎಚ್ಚರವಾಗಿರುವದನ್ನು ಕಲಿತಿರುವೆನೆಂದೂ, ಅಲ್ಲಿ ತಾನು ಹಾರುವೆನೆಂದೂ, ಅದಕ್ಕೆ ನಸುಕಿನ ನಿದ್ದೆಯೇ ಅನುಕೂಲವಾದದ್ದರಿಂದ ಅವ್ವ ಎಬ್ಬಿಸಿದರೆ ತನಗೆ ಸಿಟ್ಟು ಬರುವದೆಂದೂ ಹೇಳಿದನು. ನಾನು ನಕ್ಕು, ಕನಸಿನ ಗಂಟನ್ನು ಕಟ್ಟಿಕೊಂಡು ಸಂತೆಗೆ ಹೋದಂತಾಯಿತೆಂದೆನು. ಅವನು ನಗಲಿಲ್ಲ. “ಮಾಸ್ತರ್ರ, ನೀವೊಮ್ಮೆ ಹಾರಿ ನೋಡ್ರಿ, ಆಮ್ಯಾಲ ಹೇಳ್ರಿ” ಎಂದನು.

ಪೂರ್ವಪಕ್ಷವನ್ನು ಅರಿಯದೆ ಖಂಡನೆಗೆ ಕೈಹಾಕಬಾರದೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಕಲಿಸಿದ್ದರು. ಆ ಮಾತು ನೆನಪಾಗಿ ನಾಚಿಕೆಯಾಯಿತು. ಮನೆಗೆ ಬಂದು ಪುಸ್ತಕಗಳನ್ನು ತೆಗೆದೆನು.

ನಮ್ಮವರು ಕನಸನ್ನು ಕುರಿತು ಆಲೋಚಿಸಿದಷ್ಟು ಬೇರೆ ಯಾರೂ ಆಲೋಚಿಸಿದಂತಿಲ್ಲ. ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ಆತ್ಮನ ಪಾದಗಳೆಂದು ಎಣಿಸಿ ಮೂರಕ್ಕೂ ಆಚೆಯದನ್ನು ತುರೀಯವೆಂದಿತು. ಬೃಹದಾರಣ್ಯಕವು, ರಥವಿಲ್ಲದ ಕಡೆ ರಥವನ್ನೂ ದಾರಿಯಿಲ್ಲದ ಕಡೆ ದಾರಿಯನ್ನೂ ತಾನೇ ನಿರ್ಮಿಸಿಕೊಳ್ಳುವ ಕರ್ತೃವೆಂದು ಕನಸುಗಾರನನ್ನು ವರ್ಣಿಸಿತು. ಹಾರುವ ಕನಸಿನ ವಿಷಯದಲ್ಲಿ ಮಾತ್ರ ನಮ್ಮ ಶಾಸ್ತ್ರಕಾರರು ಬಲು ನಿಷ್ಠುರರು. ವೈಶೇಷಿಕ ಭಾಷ್ಯಕಾರನಾದ ಪ್ರಶಸ್ತಪಾದನು ಕನಸಿಗೆ ಸಂಸ್ಕಾರದ ಬಲ, ಧಾತುದೋಷ, ಅದೃಷ್ಟ ಎಂಬ ಮೂರು ಕಾರಣಗಳನ್ನು ಹೇಳಿ, ಆಕಾಶದಲ್ಲಿ ಸಂಚರಿಸುವ ಕನಸನ್ನು ವಾತದ ಲೆಕ್ಕಕ್ಕೆ ಹಾಕಿಬಿಟ್ಟನು. ಪಿತ್ತದವನಿಗೆ ಬೆಂಕಿಯೂ ಬಂಗಾರದ ಬೆಟ್ಟವೂ ಕಾಣುವವು, ಕಫದವನಿಗೆ ನದಿ ಸಮುದ್ರಗಳು ಕಾಣುವವು, ವಾತದವನು ಹಾರುವನು. ಸುಶ್ರುತನೂ ವಾತಪ್ರಕೃತಿಯವನ ಲಕ್ಷಣದಲ್ಲಿ ಇದನ್ನೇ ಹೇಳಿರುವನು. ಹುಡುಗನಿಗೆ ಇದನ್ನು ತಿಳಿಸಿದಾಗ, ಹಾಗಾದರೆ ರಾತ್ರಿ ಕಡಲೆಯ ಉಸುಳಿ ಹೆಚ್ಚಾಗಿ ತಿಂದರೆ ಸಾಕಲ್ಲವೇ, ಇಷ್ಟು ಅಭ್ಯಾಸವೇಕೆಂದು ಕೇಳಿದನು. ಉತ್ತರ ಹೊಳೆಯಲಿಲ್ಲ.

ಪತಂಜಲಿಯು ಹೆಚ್ಚು ಉದಾರನು. ಚಿತ್ತವು ನಿಲ್ಲುವದಕ್ಕೆ ಕನಸಿನ ಮತ್ತು ನಿದ್ರೆಯ ಅರಿವೂ ಒಂದು ಆಲಂಬನವಾಗಬಹುದೆಂದು ಮೊದಲನೆಯ ಪಾದದಲ್ಲಿಯೇ ಹೇಳಿರುವನು. ಮೂರನೆಯ ಪಾದದಲ್ಲಿ, ಶರೀರಕ್ಕೂ ಆಕಾಶಕ್ಕೂ ಇರುವ ಸಂಬಂಧದಲ್ಲಿ ಸಂಯಮ ಮಾಡಿ ಹತ್ತಿಯಂಥ ಹಗುರತನವನ್ನು ಭಾವಿಸಿದರೆ ಆಕಾಶಗಮನವು ಸಿದ್ಧಿಸುವದೆಂದನು. ಅದು ಎಚ್ಚರದ ಮಾತು. ಆದರೆ ಇಂಥ ಸಿದ್ಧಿಗಳು ಸಮಾಧಿಗೆ ಅಡ್ಡಿಯೆಂದು ಅದೇ ಪಾದದಲ್ಲಿ ಎಚ್ಚರಿಸುವದನ್ನೂ ಮರೆಯಲಿಲ್ಲ. ಟಿಬೇಟಿನ ಬೌದ್ಧರಂತೂ ನಾರೋಪನ ಹೆಸರಿನಲ್ಲಿ ಬಂದ ಆರು ಯೋಗಗಳಲ್ಲಿ ಸ್ವಪ್ನಯೋಗವನ್ನು ಒಂದನ್ನಾಗಿ ಇಟ್ಟುಕೊಂಡು, ಕನಸನ್ನು ಕನಸೆಂದು ಹಿಡಿಯುವದನ್ನೂ, ಹಿಡಿದ ಬಳಿಕ ಅದನ್ನು ಬೇಕಾದಂತೆ ಮಾರ್ಪಡಿಸುವದನ್ನೂ ಶಿಷ್ಯರಿಗೆ ಕ್ರಮವಾಗಿ ಕಲಿಸುತ್ತ ಬಂದಿರುವರು.

ಪಶ್ಚಿಮದವರ ವಿಷಯವನ್ನು ಹುಡುಗನೇ ನನಗೆ ತಿಳಿಸಿಕೊಟ್ಟನು. ನಿದ್ರಿಸುವವನಲ್ಲಿ ಎಷ್ಟೋ ಸಲ ಯಾವದೋ ಒಂದು ಅಂಶವು ಇದು ಕನಸು ಮಾತ್ರವೆಂದು ಹೇಳುತ್ತಿರುವದೆಂದು ಅರಿಸ್ಟಾಟಲನೇ ಬರೆದಿಟ್ಟಿರುವನು. ಫ್ರಾನ್ಸಿನ ಎರ್ವೆ ದ ಸೇಂ-ದೆನಿ ಎಂಬ ವಿದ್ವಾಂಸನು ಕನಸುಗಳನ್ನು ನಡೆಸುವ ಉಪಾಯಗಳನ್ನು ಕುರಿತೇ ೧೮೬೭ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಹಾಲೆಂಡಿನ ವೈದ್ಯನೂ ಸಾಹಿತಿಯೂ ಆದ ಫ್ರೆಡರಿಕ್ ವಾನ್ ಎಡನ್ ಎಂಬವನು ೧೮೯೮ರಿಂದ ೧೯೧೨ರ ವರೆಗೆ ಇಂಥ ೩೫೨ ಕನಸುಗಳನ್ನು ದಿನಚರಿಯಲ್ಲಿ ಬರೆದಿಟ್ಟು, ೧೯೧೩ರಲ್ಲಿ ಅವಕ್ಕೆ ‘ಲೂಸಿಡ್ ಡ್ರೀಮ್’ ಎಂಬ ಹೆಸರನ್ನು ಬಳಸಿದನು. ಹಾರುವ ಕನಸುಗಳು ಬರತೊಡಗಿದರೆ ಅರಿವಿನ ಕನಸು ಹತ್ತಿರವಿದೆಯೆಂದೇ ತಿಳಿಯಬೇಕೆಂಬುದು ಅವನ ಅನುಭವ. ೧೯೫೩ರಲ್ಲಿ ಶಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು, ನಿದ್ರೆಯ ಒಂದು ಘಟ್ಟದಲ್ಲಿ ರೆಪ್ಪೆಯ ಒಳಗೆ ಕಣ್ಣುಗಳು ವೇಗವಾಗಿ ಓಡಾಡುವವೆಂದೂ ಕನಸಿಗೂ ಆ ಘಟ್ಟಕ್ಕೂ ನಂಟಿದೆಯೆಂದೂ ತೋರಿಸಿಕೊಟ್ಟರು. ಆ ಘಟ್ಟವು ರಾತ್ರಿಯ ಕೊನೆಯ ಜಾವದಲ್ಲಿ ಉದ್ದವಾಗುವದು. ಹುಡುಗನು ನಸುಕಿಗಾಗಿ ಹಟ ಮಾಡುವದರ ಕಾರಣವಿದು. ಶರೀರವೆಲ್ಲ ಸ್ತಬ್ಧವಾಗಿದ್ದರೂ ಕಣ್ಣುಗಳು ಮಾತ್ರ ಸ್ವತಂತ್ರವಲ್ಲವೇ? ಅದನ್ನೇ ಉಪಯೋಗಿಸಿ ೧೯೭೫ರಲ್ಲಿ ಇಂಗ್ಲಂಡದ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬವನು, ಮಲಗಿದವನು ಮೊದಲೇ ಗೊತ್ತುಮಾಡಿಕೊಂಡ ರೀತಿಯಲ್ಲಿ ಎಡಕ್ಕೆ ಬಲಕ್ಕೆ ಕಣ್ಣು ತಿರುಗಿಸಿ ಕನಸಿನ ಒಳಗಿನಿಂದ ಸಂಜ್ಞೆ ಮಾಡುವದನ್ನು ಯಂತ್ರದಲ್ಲಿ ದಾಖಲಿಸಿದನು. ಸ್ವಲ್ಪ ಕಾಲದಲ್ಲಿಯೇ ಅಮೇರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿದನು. ೨೦೨೧ರಲ್ಲಿ ನಾಲ್ಕು ದೇಶಗಳ ಸಂಶೋಧಕರು ಕೂಡಿ ಪ್ರಕಟಿಸಿದ ಪ್ರಯೋಗದಲ್ಲಿ, ನಿದ್ರಿಸುತ್ತಿದ್ದವನಿಗೆ ಎಂಟರಲ್ಲಿ ಆರು ಹೋದರೆ ಎಷ್ಟೆಂದು ಕೇಳಿದಾಗ, ಅವನು ಕಣ್ಣಿನ ಸಂಜ್ಞೆಯಿಂದ ಎರಡೆಂದು ಉತ್ತರವಿತ್ತನಂತೆ. ಎಚ್ಚರವಾಗಿ ಕುಳಿತು ಈ ಲೆಕ್ಕಕ್ಕೆ ತಪ್ಪು ಉತ್ತರ ಕೊಟ್ಟ ಎಷ್ಟೋ ಮಕ್ಕಳನ್ನು ನಾನು ಕಂಡಿರುವೆನು.

ಇಷ್ಟು ತಿಳಿದ ಮೇಲೆ ಪ್ರಯೋಗಕ್ಕೆ ಇಳಿದೆನು. ಶಿಷ್ಯನೇ ಗುರುವಾದನು. ಅವನು ಹೇಳಿಕೊಟ್ಟ ಮೊದಲನೆಯ ಪಾಠವು, ಹಗಲಿನಲ್ಲಿ ಹಲವು ಸಲ ನಿಂತು, ಇದು ಕನಸೋ ಎಚ್ಚರವೋ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುವದು. ಸುಮ್ಮನೆ ಕೇಳಿದರಾಗದು, ಪರೀಕ್ಷೆ ಮಾಡಬೇಕು. ಎಲ್ಲಕ್ಕಿಂತ ಸುಲಭವಾದ ಪರೀಕ್ಷೆಯು ಅಕ್ಷರಗಳದ್ದು. ಬರೆದ ಒಂದು ಸಾಲನ್ನು ಓದಿ, ಕಣ್ಣು ಬೇರೆಡೆಗೆ ಹೊರಳಿಸಿ, ಮತ್ತೆ ಓದಬೇಕು. ಎಚ್ಚರದಲ್ಲಿ ಅಕ್ಷರವು ನಿಂತಲ್ಲಿಯೇ ನಿಲ್ಲುವದು. ಕನಸಿನಲ್ಲಿ ಸಾಮಾನ್ಯವಾಗಿ ಅದು ಬದಲಾಗುವದು. ಹಗಲು ಬಿದ್ದ ರೂಢಿಯು ಇರುಳಿಗೂ ನುಸುಳಿ, ಒಂದು ದಿನ ಕನಸಿನೊಳಗೆ ಕೂಡ ಇದೇ ಪ್ರಶ್ನೆಯನ್ನು ಕೇಳಿಸುವದು. ಎರಡನೆಯ ಪಾಠವು, ಐದು ತಾಸಿನ ನಿದ್ದೆಯ ಬಳಿಕ ಎದ್ದು, ಮುಂದಿನ ಕನಸಿನಲ್ಲಿ ಇದು ಕನಸೆಂದು ನೆನೆಯುವೆನು ಎಂದು ಸಂಕಲ್ಪ ಮಾಡಿ ಮತ್ತೆ ಮಲಗುವದು. ಸಂಕಲ್ಪವಿಲ್ಲದೆ ಯಾವ ಕರ್ಮವನ್ನೂ ಮಾಡದ ಕುಲದಲ್ಲಿ ಹುಟ್ಟಿದವನಿಗೆ ಇದು ತೊಡಕಾಗಲಿಲ್ಲ.

ಎರಡೂವರೆ ತಿಂಗಳು ಏನೂ ಆಗಲಿಲ್ಲ. ಅಂಗಡಿಯ ಫಲಕಗಳನ್ನು ಎರಡೆರಡು ಸಲ ಓದುತ್ತ ನಿಂತ ನನ್ನನ್ನು ಕಂಡು ಊರವರು ಮಾಸ್ತರರ ಕಣ್ಣು ಮಂದವಾಯಿತೆಂದು ಮಾತನಾಡಿಕೊಂಡರು. ಆಮೇಲೆ ಒಂದು ನಸುಕಿನಲ್ಲಿ ಕನಸು ಬಿತ್ತು. ನಾನು ವರ್ಗದಲ್ಲಿರುವೆನು, ಕರೀಹಲಗೆಯ ಮೇಲೆ ರಾಮಶಬ್ದದ ಏಳು ವಿಭಕ್ತಿಗಳನ್ನು ಬರೆದು ಮಕ್ಕಳತ್ತ ತಿರುಗಿ, ಮತ್ತೆ ಹಲಗೆಯತ್ತ ನೋಡಿದರೆ ಅಲ್ಲಿ ಇಂಡಿಯಿಂದ ಹೊರಡುವ ಬಸ್ಸುಗಳ ವೇಳಾಪತ್ರಕವಿದೆ! ಇದು ಕನಸು ಎಂದು ಕೂಗಿದೆನು. ಆ ಸಂತೋಷಕ್ಕೇ ಎಚ್ಚರವಾಯಿತು. ಹರುಷವೂ ಭಯದಷ್ಟೇ ಬೇಗ ಕನಸನ್ನು ಒಡೆಯುವದೆಂದು ಅಂದು ತಿಳಿಯಿತು. ಅಂಗೈಗಳನ್ನು ಉಜ್ಜಿಕೊಂಡು, ಕೈಗಳನ್ನು ದಿಟ್ಟಿಸಿ ನೋಡಿ ಮನಸ್ಸನ್ನು ಅಲ್ಲಿಯೇ ನಿಲ್ಲಿಸುವ ಯುಕ್ತಿಯನ್ನು ಹುಡುಗನು ಕಲಿಸಿದ ಮೇಲೆ ಕನಸು ಒಂದೆರಡು ನಿಮಿಷ ನಿಲ್ಲತೊಡಗಿತು.

ಹಾರುವದು ಇನ್ನೂ ಕಷ್ಟ. ಮೊದಲ ಸಲ ಶಾಲೆಯ ಮೆಟ್ಟಿಲುಗಳಿಂದ ಜಿಗಿದು ಮೊಣಕಾಲೂರಿ ಬಿದ್ದೆನು. ಕನಸಿನ ನೆಲ, ಕನಸಿನ ಮೊಣಕಾಲು, ಇವೆರಡೂ ಇಲ್ಲವೆಂದು ಬಲ್ಲವನು ನಾನೇ, ಆದರೂ ಬಿದ್ದೆನು. ಅರುವತ್ತು ವರುಷ ಭೂಮಿಯ ಮೇಲೆ ನಡೆದ ಸಂಸ್ಕಾರವು ಒಂದು ಅರಿವಿನಿಂದ ಅಳಿಯುವದಿಲ್ಲ. ಶಾಸ್ತ್ರವನ್ನು ಓದಿಯೂ ದೇಹಾಭಿಮಾನವು ಬಿಡದಿರುವದರ ಅರ್ಥವು, ಇಡೀ ವೇದಾಂತಪಾಠದಲ್ಲಿ ತಿಳಿಯದದ್ದು, ಆ ಮೆಟ್ಟಿಲ ಬುಡದಲ್ಲಿ ಕೊಂಚ ತಿಳಿದಂತಾಯಿತು. ಕೈಗಳನ್ನು ರೆಕ್ಕೆಯಂತೆ ಬಡಿಯಬಾರದು, ನೆಲವನ್ನು ನೋಡಬಾರದು, ಹೋಗಬೇಕಾದಲ್ಲಿಗೆ ದೃಷ್ಟಿಯಿಡಬೇಕು ಎಂದು ಹುಡುಗನು ಹೇಳಿದನು. ಹಾಗೆ ಮಾಡಿದೆನು. ಶಿವಯೋಗೀಶ್ವರ ಗುಡಿಯ ಶಿಖರದಲ್ಲಿ ಕಣ್ಣಿಟ್ಟೆನು. ಕಾಲು ನೆಲವನ್ನು ಬಿಟ್ಟಿತು.

ಆ ಸುಖವನ್ನು ವರ್ಣಿಸಲಾರೆನು; ವರ್ಣಿಸುವ ವಯಸ್ಸೂ ನನ್ನದಲ್ಲ. ಕರಿಯ ಎರೆಹೊಲಗಳು, ಜೋಳದ ತೆನೆಗಳು, ನಿಂಬೆಯ ತೋಟಗಳ ಕಡುಹಸುರು, ಇವೆಲ್ಲ ಕೆಳಗೆ ಜಾರುತ್ತಿದ್ದವು. ಮೈಯಲ್ಲಿ ಭಾರವಿರಲಿಲ್ಲ, ಮೊಣಕಾಲಿನ ನೋವಿರಲಿಲ್ಲ. ಎದ್ದ ಮೇಲೆ ಬಹಳ ಹೊತ್ತು ಹಾಸಿಗೆಯಲ್ಲಿಯೇ ಕುಳಿತಿದ್ದೆನು. ಎರಡೂ ಕಾಲು ಕಳೆದುಕೊಂಡ ಹುಡುಗನಿಗೆ ಇದನ್ನು ಬಿಡು ಎಂದು ಹೇಳಲು ಹೋಗಿದ್ದೆನಲ್ಲಾ ಎಂದು ನನ್ನ ಮೇಲೆ ನನಗೆ ಅಸಹ್ಯವಾಯಿತು.

ಅವನ ಪ್ರಶ್ನೆಯು ಚಿಕ್ಕದಾಗಿತ್ತು: ಇದು ಸುಳ್ಳೇ? ಶಂಕರರ ಸೂತ್ರಭಾಷ್ಯದ ಒಂದು ವಿಚಾರವನ್ನು ಅವನಿಗೆ ತಿಳಿಸಿದೆನು. ಕನಸಿನ ಹಾವು ಕಚ್ಚಿದ್ದೂ ಕನಸಿನ ನೀರಿನಲ್ಲಿ ಮಿಂದದ್ದೂ ಸುಳ್ಳಾದರೂ, ಅವುಗಳ ಅನುಭವವು ಉಂಟಾಯಿತೆಂಬುದು ಎದ್ದ ಮೇಲೂ ಬಾಧಿತವಾಗುವದಿಲ್ಲ. ಹಾರಿದ್ದು ಸುಳ್ಳು, ಹಾರಿದ ಅನುಭವವಾದದ್ದು ಸುಳ್ಳಲ್ಲ. ರಾಮಾನುಜರಾದರೋ, ಕನಸಿನ ವಸ್ತುಗಳನ್ನು ಆಯಾ ಜೀವನ ಕರ್ಮಕ್ಕೆ ತಕ್ಕಂತೆ, ಅವನೊಬ್ಬನಿಗೆ, ಅಷ್ಟೇ ಹೊತ್ತಿಗೆ ಈಶ್ವರನು ಸೃಷ್ಟಿಸಿ ಕೊಡುವನೆಂದು ಹೇಳುವರು. ಮಧ್ವರು ಅವನ್ನು ವಾಸನೆಗಳಿಂದಾದ ನಿಜವಾದ ವಸ್ತುಗಳೆಂದೇ ಎಣಿಸಿ, ಅವು ಜಾಗ್ರತ್ತಿನ ವಸ್ತುಗಳೆಂದು ತಿಳಿಯುವದೊಂದೇ ಭ್ರಾಂತಿಯೆನ್ನುವರು. ಹಾಗಾದರೆ ಕನಸನ್ನು ಕನಸೆಂದೇ ಅರಿತು ಹಾರುವವನಲ್ಲಿ ಭ್ರಾಂತಿಯೇ ಇಲ್ಲವೆಂದಾಯಿತಲ್ಲ! ಇದನ್ನು ಕೇಳಿ ಹುಡುಗನು ಬಹಳ ಸಂತುಷ್ಟನಾದನು. ಅಂದಿನಿಂದ ತಾನು ಮಾಧ್ವನೆಂದನು. ಅವರ ಮನೆಯ ಮಾಡದಲ್ಲಿ ಲಿಂಗದ ಕರಡಿಗೆಯಿತ್ತು, ಅದನ್ನು ತೋರಿಸಿದೆನು. ಇಬ್ಬರೂ ನಕ್ಕೆವು.

ಆದರೆ ಬೇರೊಂದು ಮಗ್ಗುಲಿದೆ. ಮಾಂಡೂಕ್ಯಕಾರಿಕೆಯ ಭಾಷ್ಯದಲ್ಲಿ, ಎಚ್ಚರದಲ್ಲಿ ಹೊಟ್ಟೆ ತುಂಬ ಉಂಡವನು ಕನಸಿನಲ್ಲಿ ಹಸಿದಿರಬಹುದೆಂದು ಹೇಳಿದೆ. ಇಲ್ಲಿಯದು ಅಲ್ಲಿಗೆ ಸಲ್ಲದು. ತಿರುಗಿಸಿದರೂ ಅಷ್ಟೇ. ಅಲ್ಲಿಯ ಹಾರಾಟವು ಇಲ್ಲಿಯ ತೋಳಿಗೆ ಬಲ ಕೊಡದು. ವ್ಯಾಯಾಮ ತಪ್ಪಿದರೆ ತೋಳು ಸೊರಗುವದು, ತೋಳು ಸೊರಗಿದರೆ ಅವನನ್ನು ಎತ್ತಿ ಕುಳ್ಳಿರಿಸುವ ಭಾರವೆಲ್ಲ ತಾಯಿಯ ನಡುವಿಗೆ ಬೀಳುವದು. ಈ ಮಾತಿಗೆ ಅವನು ಉತ್ತರ ಕೊಡಲಿಲ್ಲ.

ಇಲ್ಲಿಗೆ ಪ್ರಸ್ತಾಪವು ಮುಗಿದಿದ್ದರೆ ನಾನು ಲೇಖನವನ್ನು ಬರೆಯುತ್ತಿರಲಿಲ್ಲ. ನನ್ನ ಸಂದೇಹವು ಬೇರೆ. ಕನಸಿನಲ್ಲಿ ಮಾಡಿದ ಕೆಲಸಕ್ಕೆ ನಾವು ಹೊಣೆಗಾರರೋ ಅಲ್ಲವೋ? ಸಾಮಾನ್ಯ ಕನಸಿನ ವಿಷಯದಲ್ಲಿ ಉತ್ತರವು ಸುಲಭ. ಬ್ರಹ್ಮಚಾರಿಗೆ ಕನಸಿನಲ್ಲಿ ವ್ರತಲೋಪವಾದರೆ ಸ್ನಾನ, ಸೂರ್ಯಪೂಜೆ, ಒಂದು ಮಂತ್ರಜಪ ಸಾಕೆಂದು ಮನುವು ಎರಡನೆಯ ಅಧ್ಯಾಯದಲ್ಲಿ ವಿಧಿಸಿರುವನು. ಆದರೆ ಅಲ್ಲಿ, ಬಯಸದೆ ಆದದ್ದಕ್ಕೆ ಎಂಬ ನಿಬಂಧನೆಯಿದೆ. ಸುಮಾರು ೪೦೦ನೆಯ ಇಸವಿಯ ಹೊತ್ತಿಗೆ ಆಫ್ರಿಕದ ಕ್ರೈಸ್ತ ಆಚಾರ್ಯನಾದ ಅಗಸ್ಟೀನನು ಇದೇ ಸಂಕಟವನ್ನು ತನ್ನ ಆತ್ಮಕಥೆಯಲ್ಲಿ ತೋಡಿಕೊಂಡಿರುವನು: ಎಚ್ಚರದಲ್ಲಿ ದೂರವಿಟ್ಟದ್ದಕ್ಕೆ ನಿದ್ರೆಯಲ್ಲಿ ಒಪ್ಪಿಗೆ ಕೊಡುವೆನಲ್ಲಾ, ಆಗ ನಾನು ನಾನೇ ಅಲ್ಲವೋ ಎಂದು. ಅವನಿಗೂ ಆ ಒಪ್ಪಿಗೆಯು ತನ್ನ ವಶದ್ದಲ್ಲವೆಂಬ ಸಮಾಧಾನವಿತ್ತು. ಅರಿವಿನ ಕನಸಿನಲ್ಲಿ ಆ ಸಮಾಧಾನವಿಲ್ಲ. ಅಲ್ಲಿ ತಿಳಿದು, ಬಯಸಿ, ಆರಿಸಿಕೊಂಡು ಮಾಡುವೆವು. ಹೊರಗಿನ ಜಗತ್ತಿಗೆ ಕೂದಲೆಳೆಯಷ್ಟೂ ಹಾನಿಯಾಗುವದಿಲ್ಲ, ಸಾಕ್ಷಿಗಳಿಲ್ಲ, ದಂಡವಿಲ್ಲ. ಮನುಷ್ಯನ ಸಂಕಲ್ಪವೊಂದೇ ಬೆತ್ತಲೆಯಾಗಿ ಉಳಿಯುವದು. ಇದಕ್ಕಿಂತ ಕಠಿಣವಾದ ಪರೀಕ್ಷೆಯ ಕೋಣೆಯನ್ನು ನಾನು ಕಂಡಿಲ್ಲ. ಆ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾಗಲಿಲ್ಲ.

ನನ್ನ ಗೃಹಿಣಿಯು ತೀರಿಕೊಂಡು ಐದು ವರುಷಗಳಾದವು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ, ನನಗೂ ಅಕ್ಷರ ಕಲಿಸಿರೆಂದು ಕೇಳಿದ್ದಳು. ನಾಳೆ ಎಂದೆನು. ನಮ್ಮ ಪಡಸಾಲೆಯಲ್ಲಿ ಸಂಜೆಯಾಯಿತೆಂದರೆ ಊರ ಮಕ್ಕಳು ತುಂಬಿರುತ್ತಿದ್ದರು. ದೀಪ ಹಚ್ಚಿಡುತ್ತಿದ್ದವಳು ಅವಳು, ಮಕ್ಕಳಿಗೆ ಚುರುಮುರಿ ಕೊಡುತ್ತಿದ್ದವಳು ಅವಳು. ಇನ್ನೊಮ್ಮೆ ಕೇಳಿದಳು, ನಾಳೆ ಎಂದೆನು. ಮೂರನೆಯ ಸಲ ಕೇಳಿದ್ದು ನೆನಪಿಲ್ಲ. ಮೂವತ್ತೈದು ವರುಷ ಆ ದೀಪದ ಬೆಳಕು ಅವಳೊಬ್ಬಳನ್ನು ಬಿಟ್ಟು ಮಿಕ್ಕವರ ಪುಸ್ತಕದ ಮೇಲೆ ಬಿದ್ದಿತು. ನಮ್ಮ ಸಾಲೋಟಗಿಯ ಹಿರಿಮೆಯನ್ನು ಹೊಗಳುವಾಗೆಲ್ಲ ನಾನು ೯೪೫ನೆಯ ಇಸವಿಯ ಸ್ತಂಭಶಾಸನವನ್ನು ಉಲ್ಲೇಖಿಸುವದುಂಟು: ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಆಗ ಪಾವಿಟ್ಟಗೆಯೆನ್ನಿಸಿದ್ದ ಈ ಊರಲ್ಲಿ ಶಾಲೆಯನ್ನು ಕಟ್ಟಿಸಿದ್ದು, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ೨೭ ಮನೆಗಳಿದ್ದದ್ದು, ಉಪಾಧ್ಯಾಯನಿಗೆ ೫೦ ನಿವರ್ತನ ಭೂಮಿ ಬಿಟ್ಟದ್ದು, ದೀಪದ ಎಣ್ಣೆಗೆಂದೇ ೧೨ ನಿವರ್ತನ ಬಿಟ್ಟದ್ದು. ಈ ಹನ್ನೆರಡು ನಿವರ್ತನದ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಹೆಮ್ಮೆಯಿಂದ ಆಡಿರುವೆನೋ ಲೆಕ್ಕವಿಲ್ಲ. ಅವಳು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿರುವಳು.

ಹಾರುವದನ್ನು ಕಲಿತ ಕೆಲವು ವಾರಗಳಲ್ಲಿ ಒಂದು ನಸುಕಿನಲ್ಲಿ ನಮ್ಮ ಮನೆಯ ಮೇಲೆ ಹಾರುತ್ತಿದ್ದೆನು. ಹತ್ತು ವರುಷದ ಹಿಂದೆ ಕಡಿಸಿದ ಬೇವಿನ ಮರವು ಅಂಗಳದಲ್ಲಿ ನಿಂತಿತ್ತು. ಅದರ ಕೆಳಗೆ ಅವಳು ಕುಳಿತಿದ್ದಳು, ತೊಡೆಯ ಮೇಲೆ ಪುಸ್ತಕವಿತ್ತು, ಓದುತ್ತಿದ್ದಳು. ನಾನು ಇಳಿದೆನು. ಪುಸ್ತಕದಲ್ಲಿ ಇಣಿಕಿದೆನು. ಅಕ್ಷರಗಳು ನಿಲ್ಲಲಿಲ್ಲ, ಒಮ್ಮೆ ನೋಡಿದ್ದು ಮತ್ತೊಮ್ಮೆ ನೋಡುವಷ್ಟರಲ್ಲಿ ಬೇರೆಯಾಗುತ್ತಿತ್ತು. ಅವಳ ಬೆರಳು ಮಾತ್ರ ತಡವರಿಸದೆ ಸಾಲಿನಿಂದ ಸಾಲಿಗೆ ಹರಿಯುತ್ತಿತ್ತು. ಇದು ಕನಸು, ಇವಳು ಅವಳಲ್ಲ, ನನ್ನ ವಾಸನೆಯು ಅವಳ ರೂಪವನ್ನು ತಾಳಿರುವದೆಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ತಿಳಿದೂ ಒಂದು ಆಶೆ ಹುಟ್ಟಿತು. ಅವಳು ನನ್ನನ್ನು ಕ್ಷಮಿಸಿದೆನೆಂದು ಹೇಳಬೇಕು. ಕಾಲನ್ನು ನೆಲದಿಂದ ಎತ್ತುವಾಗ ಮನಸ್ಸಿನಲ್ಲಿ ಹೇಗೆ ಒಂದು ಒತ್ತನ್ನು ಕೊಡುವೆನೋ ಹಾಗೆಯೇ ಕೊಟ್ಟೆನು. ಅವಳು ತಲೆಯೆತ್ತಿ, ಅವಳದೇ ದನಿಯಲ್ಲಿ, “ಇರ್ಲಿ ಬಿಡ್ರಿ” ಎಂದಳು.

ಎರಡು ದಿವಸ ನನಗೆ ಎಷ್ಟು ಹಗುರವೆನ್ನಿಸಿತೆಂದರೆ ನೆಲದ ಮೇಲೆಯೂ ಹಾರುತ್ತಿರುವೆನೆಂದು ತೋರಿತು. ಮೂರನೆಯ ದಿನ ಆ ಮಾತನ್ನು ನೆನೆದಾಗ ನಾಲಿಗೆ ಕಹಿಯಾಯಿತು. ಬದುಕಿದ್ದಾಗ ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ನೆಂಟರ ಮನೆಯಲ್ಲಿ, ಅವಳನ್ನು ಕೇಳಿದ ಪ್ರಶ್ನೆಗೆಲ್ಲ ನಾನೇ ಉತ್ತರ ಕೊಡುತ್ತಿದ್ದೆನು. ಈಗ ಕ್ಷಮೆಯನ್ನೂ ನಾನೇ ಅವಳ ಬಾಯಲ್ಲಿ ಇಟ್ಟು ನುಡಿಸಿದೆನು.

ಇದರಲ್ಲಿ ತಪ್ಪೇನೆಂದು ಕೇಳುವವರಿರಬಹುದು. ನಾನೂ ಕೇಳಿಕೊಂಡೆನು. ಸತ್ತವಳಿಗೆ ಹಾನಿಯಿಲ್ಲ. ನಾಟಕಕಾರನು ಸತ್ತ ರಾಜರಾಣಿಯರ ಬಾಯಲ್ಲಿ ತನ್ನ ಮಾತುಗಳನ್ನು ನುಡಿಸುವದಿಲ್ಲವೇ? ನುಡಿಸುವನು; ಆದರೆ ಅದನ್ನು ರಸೀತಿಯೆಂದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವದಿಲ್ಲ. ನಾನು ಇಟ್ಟುಕೊಂಡೆನು. ಸಾಲಗಾರನೇ ಸಾಹುಕಾರನ ಸಹಿಯನ್ನು ಹಾಕಿಕೊಂಡು ಸಾಲ ತೀರಿತೆಂದು ನೆಮ್ಮದಿಯಿಂದ ಮಲಗಿದಂತಾಯಿತು. ಹರಿಶ್ಚಂದ್ರನ ಕಥೆಯ ಒಂದು ಪಾಠವು ಉತ್ತರ ಹಿಂದುಸ್ಥಾನದಲ್ಲಿ ಪ್ರಚಲಿತವಾಗಿದೆ. ಅದರಲ್ಲಿ ಅವನು ರಾಜ್ಯವನ್ನು ದಾನಕೊಟ್ಟದ್ದು ಕನಸಿನಲ್ಲಿ. ಎದ್ದ ಮೇಲೆ ಅದನ್ನು ಕನಸೆಂದು ತಳ್ಳಿಬಿಡದೆ ಕೊಟ್ಟ ಮಾತಿಗೆ ಕಟ್ಟುಬಿದ್ದನು. ಎಳೆತನದಲ್ಲಿ ಇದನ್ನು ಕೇಳಿ ಅತಿಯಾಯಿತೆಂದುಕೊಂಡಿದ್ದೆನು. ಈಗ ಹಾಗೆ ತೋರುವದಿಲ್ಲ. ಕೊಡುವದಕ್ಕೆ ತನ್ನ ಸಂಕಲ್ಪವೊಂದಿದ್ದರೆ ಸಾಕು, ಅದು ಕನಸಿನಲ್ಲಿಯೂ ತನ್ನದೇ. ಪಡೆಯುವದಕ್ಕೆ, ಅದರಲ್ಲಿಯೂ ಕ್ಷಮೆಯನ್ನು ಪಡೆಯುವದಕ್ಕೆ, ತನ್ನಿಂದ ಬೇರೆಯಾದ ಇನ್ನೊಬ್ಬರು ಬೇಕು. ಕನಸಿನಲ್ಲಿ ಇಲ್ಲದಿರುವದು ಆ ಇನ್ನೊಬ್ಬರೇ. ಆದದ್ದರಿಂದ ಅಲ್ಲಿ ಸಾಲವನ್ನು ಮಾಡಬಹುದು, ತೀರಿಸಲು ಬಾರದು. ರಾಮಾನುಜರ ಪಕ್ಷದವರು ಆ ರೂಪವನ್ನು ಈಶ್ವರನೇ ಸೃಷ್ಟಿಸಿದನೆನ್ನಬಹುದು. ಆದರೂ ಆ ಮಾತಿಗೆ ಒತ್ತು ಕೊಟ್ಟವನು ನಾನು, ಅದನ್ನು ನಾನು ಬಲ್ಲೆನು.

ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಬರುವ ಗೋರಕ್ಷನ ಪ್ರಸಂಗವು ಎಲ್ಲರಿಗೂ ತಿಳಿದದ್ದು. ಕತ್ತಿಯಿಂದ ಹೊಡೆದರೆ ಗೋರಕ್ಷನ ವಜ್ರದ ಮೈ ಖಣಿಲೆಂದಿತು. ಅದೇ ಕತ್ತಿಯು ಅಲ್ಲಮನ ಮೈಯಲ್ಲಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಸಿದ್ಧಿಯ ಹೆಮ್ಮೆಗೆ ಅದು ಉತ್ತರವೆಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆನು. ಕನಸಿನಲ್ಲಿ ನನ್ನ ಮೈ ಬಯಲಿನಷ್ಟು ಹಗುರವಾಗಿತ್ತು, ನಿಜ. ನಾನು ಮಾತ್ರ ಬಯಲಾಗಿರಲಿಲ್ಲ. ಸಾಕಷ್ಟು ಗಟ್ಟಿಯಾಗಿಯೇ ಇದ್ದೆನು.

ಕಪಾಟಿನಲ್ಲಿ ಅವಳ ಬ್ಯಾಂಕಿನ ಪುಸ್ತಕವಿದೆ. ಅದನ್ನು ತೆಗೆದು ನೋಡಿದೆನು. ಅವಳ ಹೆಸರಿನ ಕೆಳಗೆ ನೀಲಿಯ ಹೆಬ್ಬೆಟ್ಟಿನ ಗುರುತಿದೆ. ಅಭ್ಯಾಸಬಲದಿಂದ ಕಣ್ಣು ಹೊರಳಿಸಿ ಇನ್ನೊಮ್ಮೆ ನೋಡಿದೆನು. ಬದಲಾಗಿರಲಿಲ್ಲ.

ಇದೆಲ್ಲವನ್ನೂ ಹುಡುಗನಿಗೆ ಹೇಳುವದೋ ಬೇಡವೋ ಎಂದು ಬಹಳ ದಿನ ಅನುಮಾನಿಸಿ ಕೊನೆಗೆ ಹೇಳಿದೆನು. ಗುರುವಿನ ಪಟ್ಟವನ್ನು ಏರಿಸಿಕೊಂಡವನಿಗೆ ಲೆಕ್ಕವನ್ನು ಒಪ್ಪಿಸಲೇಬೇಕಷ್ಟೆ. ಅವನು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದು, “ನಮ್ಮವ್ವಗೂ ಓದಾಕ ಬರೂದಿಲ್ಲರಿ” ಎಂದನು. ನಾನು ಏನೂ ಹೇಳಲಿಲ್ಲ. ಹಾರುವದನ್ನು ಬಿಡೆಂದೂ ಹೇಳಲಿಲ್ಲ, ಬಿಡು ಎನ್ನುವದಕ್ಕೆ ಕಾರಣವೂ ತೋರಲಿಲ್ಲ. ಬಯಲಿನಲ್ಲಿ ಒಬ್ಬನೇ ಹಾರುವವನು ಯಾರ ಬಾಯಲ್ಲಿಯೂ ಮಾತನ್ನು ತುರುಕುವದಿಲ್ಲ.

ವ್ಯಾಯಾಮವು ಈಗ ಬೆಳಗಿನ ಎಂಟು ಗಂಟೆಗೆ ನಡೆದಿದೆ. ನಸುಕು ಅವನದೇ. ತಾಯಿಯು ಮೊದಮೊದಲು, ಸುಡುಗಾಡಿಗೆ ಹೋಗುವ ವಯಸ್ಸಿನಲ್ಲಿ ಅಕ್ಷರವೇಕೆಂದು ಪಾಟಿಯನ್ನು ಮುಟ್ಟಲಿಲ್ಲ. ಇಂಡಿಯ ಸಂತೆಯಿಂದ ನಾನು ತಂದುಕೊಟ್ಟ ಆ ಪಾಟಿಯು ತಿಂಗಳೊಪ್ಪತ್ತು ರೊಟ್ಟಿಯ ಬುಟ್ಟಿಗೆ ಮುಚ್ಚಳವಾಗಿತ್ತು. ಮೊನ್ನೆ ಹೋದಾಗ ಮಂಚದ ಪಕ್ಕದಲ್ಲಿ ಕುಳಿತು ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನು ತಿದ್ದುತ್ತಿದ್ದಳು. ಮೂರನೆಯದರಲ್ಲಿ ಒತ್ತಕ್ಷರವಿದೆ, ಅದನ್ನು ಮುಂದಿನ ವಾರ ತಿದ್ದಿಸುವೆನೆಂದು ಮಗನು ಹೇಳಿದನು. ಇಂದೇ ತಿದ್ದಿಸು ಎಂದೆನು.